ತೋಟಿಗನ ಮನೆಯ ದ್ರಾಕ್ಷಾರಸ

ವಿಯೆನ್ನಾ ನಗರವೆಂದೊಡನೆ ಹಾಪ್ಸ್‌ಬುರ್ಗ್ ಮನೆತನದ ಚಕ್ರವರ್ತಿಗಳೂ ಅವರ ಅರಮನೆಗಳೂ, ಮೋಟ್ಸಾರ್ಟ್ ಬೀಥೋವನ್ ಮೊದಲಾದ ನಾದೋಪಾಸಕರೂ ವಾಚಕರ ಸ್ಮರಣೆಗೆ ಬರುವುದು ಸಹಜವೇ ಸರಿ. ಆ ನಗರದ ಎಲ್ಲೆಕಟ್ಟಿನೊಳಗೇ ಸುಮಾರು 600 ಹೆಕ್ಟೇರುಗಳಷ್ಟು, ಎಂದರೆ ಹತ್ತಿರ ಹತ್ತಿರ 1500 ಎಕರೆಗಳಷ್ಟು, ದ್ರಾಕ್ಷೀತೋಟವಿದೆಯೆಂಬುದು ಮಾತ್ರ ಅಷ್ಟಾಗಿ ಪ್ರಸಿದ್ಧವಾದ ಸಂಗತಿಯಲ್ಲ. ನಗರದೊಳಗಣಿಂದ ಹೊರಟ ಟ್ರಾಂ ಬಂಡಿಯು ಸ್ವಲ್ಪ ಹೊತ್ತಿನಲ್ಲಿಯೇ ಗ್ರಿನ್‌ಝಿಂಗ್, ನುಸ್‌ಡೋರ್ಫ್ ಎಂಬ ಹಳ್ಳಿಗಳನ್ನು ಮುಟ್ಟುತ್ತದೆ. ಹಳ್ಳಿಗಳೆಂಬುದು ಈಗ ರೂಢಿಯ ಮಾತು. 1892ರಲ್ಲಿಯೇ ಅವು ನಗರದೊಳಗೆ ಸೇರಿಹೋದುವು. ಆದರೂ ತಗ್ಗಾದ ಹೆಂಚಿನ ಮನೆಗಳು, ಬಂಡಿ ನುಗ್ಗುವಷ್ಟು ಅಗಲವಾದ ಹೆಬ್ಬಾಗಿಲುಗಳು, ಒಳಗೆ ಕಲ್ಲು ಹಾಸಿದ ಅಂಗಳ, ಅಂಗಳದ ಹಿಂದೆಯೇ ಗುಡ್ಡವನ್ನೇರುವ ಬಳ್ಳಿಯ ಸಾಲುಗಳು, ಇವೆಲ್ಲವೂ ಹಳ್ಳಿಯ ಲಕ್ಷಣವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಈ ಮನೆಗಳಲ್ಲಿ ಕೆಲವುದರ ಬಾಗಿಲ ಮೇಲೆ, ಉದ್ದವಾದ ಗಳುವೊಂದರ ತುದಿಗೆ, ಪೈನ್ ಅಥವಾ ಫರ್ ಮರದ ಹಸುರು ಸೊಪ್ಪಿನ ಕಟ್ಟು ತೂಗುತ್ತಿರುತ್ತದೆ. ಅದನ್ನು ಕಂಡವರು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಹೋಗಬಹುದು. ಸೊಪ್ಪು ಕಟ್ಟಿದುದಕ್ಕೆ ಅರ್ಥವೊಂದೇ: ಈ ಮನೆಯ ಯಜಮಾನನು ತನ್ನ ತೋಟದಲ್ಲಿ ತಾನೇ ಬೆಳೆದ ಹಣ್ಣಿನಿಂದ ತಾನೇ ತೆಗೆದ ರಸವನ್ನು ಈಗ ಮಾರುತ್ತಿದ್ದಾನೆ. ಸೊಪ್ಪನ್ನು ಇಳಿಸಿದ ದಿನ ಆ ಮನೆಯು ಮತ್ತೆ ಎಲ್ಲರ ಮನೆಯಂತೆ ಒಂದು ಮನೆ. ಬಾಗಿಲು ತಟ್ಟುವ ಅಧಿಕಾರ ಯಾರಿಗೂ ಇಲ್ಲ. ಇಂತಹ ಮನೆಗೂ ಅಲ್ಲಿ ಕೊಡುವ ಎಳೆಯ ದ್ರಾಕ್ಷಾರಸಕ್ಕೂ ಹೆಸರೊಂದೇ: ಹೊಯ್ರಿಗರ್. ಆ ಪ್ರಾಂತದ ಜರ್ಮನ್ ಮಾತಿನಲ್ಲಿ ‘ಹೊಯರ್’ ಎಂದರೆ ‘ಈ ವರ್ಷ’. ‘ಹೊಯ್ರಿಗರ್’ ಎಂದರೆ ‘ಈ ವರ್ಷದ್ದು’ ಎಂದರ್ಥ.

ಮೂವರೋ ನಾಲ್ವರೋ ಸ್ನೇಹಿತರು ಇಳಿಹೊತ್ತಿಗೆ ಹೊರಟು, ಸೊಪ್ಪು ಕಂಡ ಬಾಗಿಲನ್ನು ಹೊಕ್ಕು, ಮರದ ನೆರಳಿನಲ್ಲಿ ಹಾಕಿದ ಉದ್ದನೆಯ ಬೆಂಚುಗಳ ಮೇಲೆ ಪರಿಚಯವಿಲ್ಲದವರ ಪಕ್ಕದಲ್ಲಿಯೇ ಕುಳಿತು, ಕಾಲು ಲೀಟರು ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮನೆಯವನು ತಂದಿಟ್ಟುದನ್ನು ಸವಿದು, ಇದು ಹೋದ ವರ್ಷದ್ದಕ್ಕಿಂತ ಹುಳಿಯೋ, ಮೇಲಣ ತೋಟದ್ದೋ ಕೆಳಗಣ ತೋಟದ್ದೋ ಎಂದು ವಾದಿಸುವುದು ಅಲ್ಲಿಯ ಜನರ ಬಹುಕಾಲದ ವಿನೋದ. ಹಿಂದೆ ಬುತ್ತಿಯನ್ನು ತಾವೇ ಕಟ್ಟಿಕೊಂಡು ಹೋಗುತ್ತಿದ್ದರು. ಮಂತ್ರಿಯೂ ಮರಗೆಲಸದವನೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆಂದು ವಿಯೆನ್ನಾದವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಅದರಲ್ಲಿ ಸ್ವಲ್ಪ ಅತಿಶಯೋಕ್ತಿಯಿದ್ದರೂ ಬೆಂಚು ಉದ್ದವಾಗಿರುವುದೇನೋ ನಿಜ.

ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಎಣಿಸಿರುವ ಧರ್ಮಶಾಸ್ತ್ರಗಳ ನಾಡಿನಲ್ಲಿ ಇಂತಹ ವಿಷಯವನ್ನು ಎತ್ತಬಹುದೇ ಎಂದು ಶಂಕಿಸುವವರಿರಬಹುದು. ಪಾನದ ಗುಣದೋಷವಿಚಾರವು ಇಲ್ಲಿ ಪ್ರಕೃತವಲ್ಲ. ಬೆಳೆದವನು ತನ್ನ ಬೆಳೆಯನ್ನು ತನ್ನ ಬಾಗಿಲಲ್ಲಿಯೇ, ತನ್ನ ಕೈಯಿಂದಲೇ, ಕೊಳ್ಳುವವನ ಮುಖವನ್ನು ನೋಡಿ ಮಾರುವ ಹಕ್ಕು ಒಂದು ದೇಶದಲ್ಲಿ ಹೇಗೆ ಬಂತು, ಹೇಗೆ ಉಳಿಯಿತು, ಯಾವಾಗ ಮುಳುಗುವಂತಾಗಿತ್ತು ಎಂಬುದೇ ಪ್ರಕೃತ. ಇಷ್ಟಕ್ಕೂ ಸಂಸ್ಕೃತವಾಙ್ಮಯಕ್ಕೆ ದ್ರಾಕ್ಷಾರಸವು ಅಪರಿಚಿತವಲ್ಲ. ಕಾಪಿಶಿಯೆಂಬ ಊರಿನ ಹೆಸರಿನಿಂದ ‘ಕಾಪಿಶಾಯನ’ವೆಂಬ ಶಬ್ದವನ್ನು ಸಾಧಿಸುವುದಕ್ಕೆಂದೇ ಪಾಣಿನಿಯು ಒಂದು ಸೂತ್ರವನ್ನು ಮಾಡಿದ್ದಾನೆ. ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ ದ್ರಾಕ್ಷಿಯ ರಸವೇ ‘ಮಧು’ವೆಂದೂ, ಹುಟ್ಟಿದ ದೇಶದಿಂದಲೇ ಅದಕ್ಕೆ ಕಾಪಿಶಾಯನ, ಹಾರಹೂರಕವೆಂಬ ಹೆಸರುಗಳೆಂದೂ ಹೇಳಿದೆ. ರಸಕ್ಕೆ ಊರಿನ ಹೆಸರೇ ಲಕ್ಷಣವೆಂಬ ಈ ಮಾತನ್ನು ಇಂದಿನ ಯೂರೋಪಿನ ಕಾಯಿದೆಗಳು ಬಹು ವಿಸ್ತಾರವಾಗಿ ಹೇಳುತ್ತವೆ. ಕೌಟಿಲ್ಯನು ಒಂದು ವಾಕ್ಯದಲ್ಲಿ ಮುಗಿಸಿದ್ದಾನೆ. ಕಾಳಿದಾಸನ ರಘುವಿನ ಯೋಧರಾದರೋ ಪಾರಸೀಕರ ದೇಶದಲ್ಲಿ ಗೆಲುವಿನ ಆಯಾಸವನ್ನು ಕಳೆದುಕೊಂಡದ್ದು ಗಡಂಗಿನಲ್ಲಲ್ಲ, ಬಳ್ಳಿಗಳು ಸುತ್ತುವರಿದ ನೆಲದಲ್ಲಿಯೇ ತೊಗಲುಗಳನ್ನು ಹಾಸಿಕೊಂಡು.

ದಾನ್ಯೂಬ್ ನದಿಯ ತೀರಕ್ಕೆ ದ್ರಾಕ್ಷೀಕೃಷಿಯು ರೋಮನರಿಗಿಂತ ಮೊದಲೇ ಬಂದಿದ್ದರೂ ಅದು ಹಬ್ಬಿದುದು ಅವರ ಕಾಲದಲ್ಲಿ. ಕ್ರಿ. ಶ. 92ರ ಸುಮಾರಿನಲ್ಲಿ ಡೊಮಿಷಿಯನ್ ಚಕ್ರವರ್ತಿಯು ಹೊರಪ್ರಾಂತಗಳಲ್ಲಿ ಅರ್ಧದಷ್ಟು ಬಳ್ಳಿಗಳನ್ನು ಕಿತ್ತುಹಾಕಬೇಕೆಂದು ಆಜ್ಞೆಮಾಡಿದನು. ಆ ಆಜ್ಞೆಯು ಪೂರ್ತಿಯಾಗಿ ನಡೆಯಲಿಲ್ಲ. ಆದರೆ ತೊಲಗಲೂ ಇಲ್ಲ. 276ರಿಂದ 282ರವರೆಗೆ ಆಳಿದ ಪ್ರೋಬಸ್ ಎಂಬಾತನು ಅದನ್ನು ತೆಗೆದುಹಾಕಿ ಗಾಲ್ ಮತ್ತು ಪನೋನಿಯಾ ಪ್ರಾಂತಗಳವರಿಗೆ ಬಳ್ಳಿ ನೆಡಲು ಅನುಮತಿಯನ್ನಿತ್ತನು. ವಿಯೆನ್ನಾ ಆಗ ವಿಂಡೊಬೊನಾ ಎಂಬ ಹೆಸರಿನಲ್ಲಿ ಪನೋನಿಯಾದ ಒಂದು ದಂಡಿನ ಠಾಣ್ಯ. ಪ್ರೋಬಸನು ತನ್ನ ಸೈನಿಕರನ್ನು ಯುದ್ಧವಿಲ್ಲದ ಕಾಲದಲ್ಲಿ ಸುಮ್ಮನೆ ಕೂರಿಸದೆ ತೋಟ ಹಾಕಿಸುವುದಕ್ಕೂ ಕೆಸರುನೆಲದ ನೀರು ತೆಗೆಸುವುದಕ್ಕೂ ಹಚ್ಚಿದನಂತೆ. ಅದರಿಂದ ರೇಗಿದ ಸೈನಿಕರೇ 282ರಲ್ಲಿ ಅವನನ್ನು ಕೊಂದರು. ಹೈಲಿಗೆನ್‌ಷ್ಟಾಟ್ ಎಂಬ ಹಳ್ಳಿಯಲ್ಲಿ ಪ್ರೋಬಸ್ ಗಲ್ಲಿ ಎಂದು ಒಂದು ಬೀದಿಗೆ ಅವನ ಹೆಸರಿದೆ. ದೊಡ್ಡ ದಿಗ್ವಿಜಯಗಳನ್ನು ಮಾಡಿದ ಅನೇಕರಿಗೆ ದೊರಕದ ಸ್ಮಾರಕ ಅದು.

ಮಧ್ಯಯುಗದಲ್ಲಿ ತೋಟಗಳನ್ನು ಕಾಪಾಡಿದವರು ಮಠಗಳವರು. ಷಾರ್ಲಮೇನ್ ದೊರೆಯು ತನ್ನ ಜಹಗೀರುಗಳ ಆಡಳಿತಕ್ಕೆಂದು ಹೊರಡಿಸಿದ ನಿರೂಪದಲ್ಲಿ ಹಣ್ಣನ್ನು ಕಾಲಿನಿಂದ ತುಳಿಯಕೂಡದೆಂದೂ ಎಲ್ಲವೂ ಶುಚಿಯಾಗಿರಬೇಕೆಂದೂ ವಿಧಿಸಿರುವುದುಂಟು. ವಿಯೆನ್ನಾಕ್ಕೆ ಸಮೀಪದ ಕ್ಲೋಸ್ಟರ್‌ನೊಯ್‌ಬುರ್ಗ್ ಮಠವು 1114ರಲ್ಲಿ ಸ್ಥಾಪಿತವಾದುದು. ಅಂದಿನಿಂದ ಇಂದಿನವರೆಗೆ ಅಲ್ಲಿ ದ್ರಾಕ್ಷೀಕೃಷಿ ನಡೆದುಬಂದಿದೆ. ಆ ಮಠದಲ್ಲಿ 1704ರಲ್ಲಿ ಮಾಡಿಸಿದ, ಸುಮಾರು 56,000 ಲೀಟರು ಹಿಡಿಯುವ ಒಂದು ಮಹಾ ಪೀಪಾಯಿಯಿದೆ. ನವೆಂಬರ್ 15ರ ಸಂತ ಲಿಯೋಪೋಲ್ಡನ ಹಬ್ಬದ ದಿನ ಹಿರಿಯರು ಕಿರಿಯರೆನ್ನದೆ ಜನರು ಅದರ ಮೇಲೇರಿ ಜಾರುವರು.

ಎಲ್ಲ ವರ್ಷವೂ ರಸವು ಸವಿಯಾಗಿ ಬರುತ್ತಿತ್ತೆಂದು ತಿಳಿಯಬಾರದು. ಹದಿನೈದನೆಯ ಶತಮಾನದ ನಡುವೆ ಒಂದು ವರ್ಷ ಹಣ್ಣು ಮಾಗದೆ, ರಸವು ಬಾಯಿಗಿಡಲಾರದಷ್ಟು ಹುಳಿಯಾಗಿ, ಜನರು ಅದನ್ನು ಬೀದಿಗೆ ಚೆಲ್ಲತೊಡಗಿದರಂತೆ. ದೇವರು ಕೊಟ್ಟುದನ್ನು ಚೆಲ್ಲಕೂಡದೆಂದು ಮೂರನೆಯ ಫ್ರೆಡರಿಕ್ ದೊರೆಯು ತಡೆದು, ಆಗ ಕಟ್ಟುತ್ತಿದ್ದ ಸಂತ ಸ್ಟೀಫನನ ದೇವಾಲಯದ ಉತ್ತರದ ಗೋಪುರಕ್ಕೆ ಗಾರೆ ಕಲಸಲು ಅದನ್ನು ಉಪಯೋಗಿಸಿದನೆಂಬ ಪ್ರತೀತಿಯಿದೆ. ಆ ಗೋಪುರದ ಅಸ್ತಿಭಾರ 1450ರದ್ದು. ಮುಂದೆ ಒಂದೆಡೆ ಈ ಕಥೆಯನ್ನು ಮತ್ತೆ ನೆನೆಯಬೇಕಾಗುವುದು.

ಹೀಗೆ ಬೆಳೆಯುವವರು ಬಹು ಮಂದಿಯಿದ್ದರೂ ಮಾರುವ ಅಧಿಕಾರ ಎಲ್ಲರದಾಗಿರಲಿಲ್ಲ. ತೋಟದ ನೆಲ ಮಠದ್ದೋ ದಣಿಯದೋ ಆಗಿದ್ದು, ತೋಟಿಗನು ಬೆಳೆಯಲ್ಲಿ ದಶಮಾಂಶವನ್ನೂ ಗುಡ್ಡದ ಗೇಣಿಯನ್ನೂ ಕೊಡಬೇಕಾಗಿತ್ತು. 1359ರಲ್ಲಿ ನಾಲ್ಕನೆಯ ರುಡಾಲ್ಫನು ಇದರ ಮೇಲೆ ‘ಉಂಗೆಲ್ಟ್’ ಎಂಬ ಪಾನದ ತೆರಿಗೆಯನ್ನು ಹಾಕಿದನು. ಬೆಲೆಯಲ್ಲಿ ಹತ್ತನೆಯ ಒಂದು ಪಾಲು ಅರಸನಿಗೆ. ಆ ಪಾಲು ಹೊರಡುವಂತೆ ಅಳತೆಯ ಪಾತ್ರೆಯನ್ನೇ ಅಷ್ಟು ಕಿರಿದುಮಾಡಿದರು. ಕೊಳ್ಳುವವನಿಗೆ ಬೆಲೆ ಏರಿದಂತೆ ತೋರದೆ ಪಾತ್ರೆ ಮಾತ್ರ ಕುಗ್ಗುವ ಈ ಉಪಾಯವು ಎಲ್ಲ ಕಾಲದ ಅರ್ಥಸಚಿವರಿಗೂ ಹೊಳೆದಿರುವಂತೆ ಕಾಣುತ್ತದೆ. ಯುದ್ಧಗಳ ಮಾತಂತೂ ಬೇರೆ. 1529ರಲ್ಲಿಯೂ 1683ರಲ್ಲಿಯೂ ತುರುಕರ ಸೈನ್ಯ ನಗರವನ್ನು ಮುತ್ತಿದಾಗ ತೋಟಗಳೆಲ್ಲ ತುಳಿದು ಹಾಳಾದುವು. 1683ನೆಯ ಸೆಪ್ಟೆಂಬರ್ 12ರಂದು ಪೋಲೆಂಡಿನ ದೊರೆ ಸೊಬಿಯೆಸ್ಕಿಯು ಮುತ್ತಿಗೆಯನ್ನು ಬಿಡಿಸಲು ಕಾಲೆನ್‌ಬೆರ್ಗ್ ಗುಡ್ಡದಿಂದ ಇಳಿದಾಗ ಕಾಳಗ ನಡೆದುದು ಇವೇ ನುಸ್‌ಡೋರ್ಫ್, ಹೈಲಿಗೆನ್‌ಷ್ಟಾಟ್ ಹಳ್ಳಿಗಳ ತೋಟಗಳಲ್ಲಿ. ಬಳ್ಳಿ ನೆಟ್ಟರೆ ಮೂರು ನಾಲ್ಕು ವರ್ಷ ಫಲವಿಲ್ಲ. ಆದುದರಿಂದ ಗೆದ್ದವರ ಊರಿನಲ್ಲಿಯೂ ತೋಟಿಗನು ಸೋತವನೇ.

ಇನ್ನು ಮುಖ್ಯವಾದ ಸಂಗತಿಗೆ ಬರಬೇಕು. ಎರಡನೆಯ ಯೋಸೆಫ್ ಚಕ್ರವರ್ತಿಯು ತಾಯಿಯಾದ ಮರಿಯಾ ತೆರೇಸಾಳ ಮರಣಾನಂತರ 1780ರಿಂದ 1790ರವರೆಗೆ ಏಕಾಂಗಿಯಾಗಿ ಆಳಿದನು. ಪ್ರಜೆಗಳ ಹಿತವನ್ನು ಪ್ರಜೆಗಳಿಗಿಂತ ತಾನೇ ಚೆನ್ನಾಗಿ ಬಲ್ಲೆನೆಂಬ ದೃಢವಾದ ನಂಬಿಕೆ ಅವನದು. ಮತಸಹಿಷ್ಣುತೆಯ ಶಾಸನ, ಬೊಹಿಮಿಯಾ ಮೊದಲಾದ ಪ್ರಾಂತಗಳಲ್ಲಿ ಜೀತವನ್ನು ತೆಗೆದ ಶಾಸನ, ಇವೆರಡೂ 1781ರವು. ಹೀಗಿರಲು ಸಾಮ್ರಾಜ್ಯದ ದಕ್ಷಿಣದಂಚಿನ ಗೊರಿಝಿಯಾ ಸೀಮೆಯ ಕೆಲವು ಹಳ್ಳಿಗಳವರು ಅವನಲ್ಲಿ ದೂರಿಟ್ಟರೆಂದು ಹೇಳುತ್ತಾರೆ. ಅಲ್ಲಿಯ ಕೌಂಟನೊಬ್ಬನು ತನ್ನ ಸೀಮೆಯ ಪಾನಗೃಹಗಳಲ್ಲಿ ತನ್ನ ತೋಟದ ರಸವನ್ನಲ್ಲದೆ ಬೇರೆ ಯಾವುದನ್ನೂ ಮಾರಕೂಡದೆಂದು ಕಟ್ಟುಮಾಡಿದ್ದನಂತೆ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ರೈತನ ಮನೆಯಲ್ಲಿ ಪೀಪಾಯಿ ತುಂಬಿರುತ್ತದೆ, ಅದನ್ನು ಕೊಳ್ಳುವವರಿಲ್ಲ. ಅವನೇ ಬಾಯಾರಿ ಪಾನಗೃಹಕ್ಕೆ ಹೋದರೆ ದಣಿಯ ರಸಕ್ಕೆ ಹಣ ತೆರಬೇಕು.

1784ನೆಯ ಆಗಸ್ಟ್ 17ರಂದು ಚಕ್ರವರ್ತಿಯ ನಿರೂಪ ಹೊರಟಿತು. ಅದರ ತಾತ್ಪರ್ಯವಿಷ್ಟು: ಪ್ರತಿಯೊಬ್ಬನೂ ತಾನು ಸ್ವತಃ ಉತ್ಪಾದಿಸಿದ ಆಹಾರಪದಾರ್ಥವನ್ನೂ ದ್ರಾಕ್ಷಾರಸವನ್ನೂ ಇತರ ಹಣ್ಣುಗಳ ರಸವನ್ನೂ ವರ್ಷದ ಯಾವ ಕಾಲದಲ್ಲಾದರೂ, ತನಗೆ ತೋರಿದ ರೀತಿಯಲ್ಲಿ, ತಾನು ಬಯಸಿದ ಬೆಲೆಗೆ, ಮಾರುವುದಕ್ಕೂ ಕುಳಿತವರಿಗೆ ಬಡಿಸುವುದಕ್ಕೂ ಸ್ವತಂತ್ರನು. ನಿರೂಪದ ಜೀವಾಳವೆಲ್ಲ ‘ಸ್ವತಃ ಉತ್ಪಾದಿಸಿದ’ ಎಂಬ ಎರಡು ಮಾತುಗಳಲ್ಲಿದೆ. ಕೊಂಡು ತಂದು ಮಾರುವವನು ವರ್ತಕ; ಅವನಿಗೆ ಲೈಸೆನ್ಸು, ತೆರಿಗೆ, ಸಂಘದ ಕಟ್ಟಳೆ ಎಲ್ಲವೂ ಉಂಟು. ಬೆಳೆದು ಮಾರುವವನು ತೋಟಿಗ. ಅವನ ಮಾರಾಟವು ಕೃಷಿಯ ಕೊನೆಯ ಕೆಲಸವೇ ಹೊರತು ವ್ಯಾಪಾರವಲ್ಲ. ಈ ಭೇದವನ್ನು ಆಸ್ಟ್ರಿಯಾದ ಕಾಯಿದೆಯು ಇಂದಿಗೂ ಇಟ್ಟುಕೊಂಡಿದೆ.

ಇದೇ ತಿಂಗಳಿನಲ್ಲಿ, ಆರೇ ದಿನಗಳ ತರುವಾಯ, ಆಗಸ್ಟ್ 23ರಂದು, ಯೋಸೆಫನು ಮತ್ತೊಂದು ಆಜ್ಞೆಯನ್ನು ಮಾಡಿದನು. ಮೃತರನ್ನು ಗೋಣಿಯಲ್ಲಿ ಹೊಲಿದು ಹೂಳಬೇಕು, ಪೆಟ್ಟಿಗೆಯನ್ನು ಮತ್ತೊಬ್ಬರಿಗೆ ಉಪಯೋಗಿಸಬೇಕು, ಮರ ಉಳಿಯುವುದು ಎಂಬುದು ಅದರ ಸಾರ. ಅದಕ್ಕೆಂದು ತಳವು ತೆರೆದುಕೊಳ್ಳುವ ಪೆಟ್ಟಿಗೆಗಳೂ ತಯಾರಾದುವು. ಜನರು ಎಷ್ಟು ಕೆರಳಿದರೆಂದರೆ ಆರು ತಿಂಗಳು ತುಂಬುವುದರೊಳಗೆ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವನ ಸುಧಾರಣೆಗಳಲ್ಲಿ ಬಹುಭಾಗಕ್ಕೆ ಇದೇ ಗತಿಯಾಯಿತು. ಕೆಲವನ್ನು ಮರಣಶಯ್ಯೆಯಲ್ಲಿ ತಾನೇ ರದ್ದುಮಾಡಿದನು. ಎರಡೂ ಆಜ್ಞೆಗಳು ಒಂದೇ ಬುದ್ಧಿಯಿಂದ ಹೊರಟವು. ಆದರೆ ಒಂದು ಜನರ ರೂಢಿಯನ್ನು ಕೆಡಿಸಿತು, ಇನ್ನೊಂದು ರೂಢಿಗೆ ಅಡ್ಡವಾಗಿದ್ದ ಬೇಲಿಯನ್ನು ಕಿತ್ತಿತು. ಬಹಳ ಯೋಚಿಸಿ ಮಾಡಿದ ಶಾಸನಗಳು ಅಳಿದು, ಯಾವನೋ ದಣಿಯ ದುರಾಶೆಯನ್ನು ತಡೆಯಲು ಮಾಡಿದ ಈ ನಿರೂಪ ಇನ್ನೂರನಾಲ್ವತ್ತು ವರ್ಷ ಬಾಳಿತೆಂಬುದನ್ನು ಯೋಸೆಫನು ಕಂಡಿದ್ದರೆ ಸಂತೋಷಪಡುತ್ತಿದ್ದನೋ ಖೇದಪಡುತ್ತಿದ್ದನೋ ಹೇಳಲಾಗದು.

ದೂರು ಹುಟ್ಟಿತೆನ್ನುವ ಆ ದಕ್ಷಿಣದ ಸೀಮೆಯಲ್ಲಿಯೂ ಪದ್ಧತಿಯು ಬೇರೂರಿದೆ. ತ್ರಿಯೆಸ್ತ್ ನಗರದ ಮೇಲಣ ಕಾರ್ಸ್ಟ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯಲ್ಲಿ ಸ್ಲೊವೇನ್ ಭಾಷೆಯ ರೈತರು ಇದನ್ನು ‘ಒಸ್ಮಿತ್ಸಾ’ ಎನ್ನುತ್ತಾರೆ. ‘ಓಸೆಮ್’ ಎಂದರೆ ಎಂಟು. ಎಂಟು ದಿನ ತೆರೆದಿಟ್ಟು ಮಾರುವ ರೂಢಿಯಿಂದ ಆ ಹೆಸರು. ಅಲ್ಲಿ ಪೈನ್ ಸೊಪ್ಪಿಗೆ ಬದಲಾಗಿ ಐವಿ ಬಳ್ಳಿಯ ಕೊಂಬೆಯನ್ನು ದಾರಿಗಳು ಕೂಡುವೆಡೆಯಲ್ಲಿ ತೂಗುಹಾಕುವರು. 1918ರ ತರುವಾಯ ಆ ನೆಲ ಇಟಲಿಗೆ ಹೋಯಿತು, ಎರಡನೆಯ ಮಹಾಯುದ್ಧದ ಮೇಲೆ ಇಟಲಿಗೂ ಯುಗೋಸ್ಲಾವಿಯಾಕ್ಕೂ ಹಂಚಿಹೋಯಿತು. ಚಕ್ರವರ್ತಿಗಳು ಹೋದರು, ಗಡಿಗಳು ಸರಿದುವು, ಗಡಿಯ ಎರಡು ಕಡೆಗಳಲ್ಲಿಯೂ ಕೊಂಬೆ ಮಾತ್ರ ತೂಗುತ್ತಲೇ ಇದೆ. ಇಲ್ಲಿ ಅರ್ಥಶಾಸ್ತ್ರವು ಮತ್ತೆ ನೆನಪಾಗುತ್ತದೆ. ಮದ್ಯದ ಮೇಲೆ ಅಷ್ಟು ಬಿಗಿಯಾದ ರಾಜಾಧಿಕಾರವನ್ನು ವಿಧಿಸಿದ ಕೌಟಿಲ್ಯನೇ, ಕುಟುಂಬಿಗಳು ಶುಭಕಾರ್ಯಗಳಲ್ಲಿ ತಮಗೆ ಬೇಕಾದುದನ್ನು ತಾವೇ ಮಾಡಿಕೊಳ್ಳಬಹುದೆಂದೂ, ಉತ್ಸವ ಸಮಾಜ ಯಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಅನುಮತಿ ಕೊಡಬೇಕೆಂದೂ ಹೇಳಿದ್ದಾನೆ. ಪಾಟಲೀಪುತ್ರದ್ದು ನಾಲ್ಕು ದಿನ, ಕಾರ್ಸ್ಟಿನದು ಎಂಟು. ರಾಜನಾದವನು ಎಷ್ಟೇ ಬಿಗಿದರೂ ಮನೆಯ ಬಾಗಿಲಲ್ಲಿ ಸ್ವಲ್ಪ ಸಡಿಲಬಿಡಬೇಕೆಂಬುದನ್ನು ಇಬ್ಬರೂ ಬಲ್ಲವರು.

ತೋಟಿಗನ ಮನೆಯ ಸಂವತ್ಸರವು ಹೀಗೆ ನಡೆಯುತ್ತದೆ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಹಣ್ಣು ಕೊಯ್ದು ಗಾಣಕ್ಕೆ ಹಾಕುವರು. ಹಿಂಡಿದ ರಸವು ತಾನಾಗಿಯೇ ಹುದುಗೇಳಲು ತೊಡಗಿ ಸಕ್ಕರೆಯು ಮದ್ಯಸಾರವಾಗಿಯೂ ಅಂಗಾರಾಮ್ಲವಾಯುವಾಗಿಯೂ ಮಾರ್ಪಡುತ್ತದೆ. ಅರ್ಧ ಹುದುಗಿದ, ಕದಡಿದ, ಇನ್ನೂ ನೊರೆಯುತ್ತಿರುವ ರಸಕ್ಕೆ ‘ಷ್ಟುರ್ಮ್’, ಎಂದರೆ ಬಿರುಗಾಳಿ, ಎಂದು ಹೆಸರು. ಅದನ್ನು ತುಂಬಿದ ಸೀಸೆಗೆ ಬಿಗಿಯಾಗಿ ಬಿರಡೆ ಹಾಕುವಂತಿಲ್ಲ, ಹಾಕಿದರೆ ಸೀಸೆ ಒಡೆಯುವುದು. ಈ ಕಾಲದಲ್ಲಿ ನೆಲಮಾಳಿಗೆಗೆ ಇಳಿಯುವುದು ಅಪಾಯದ ಕೆಲಸ. ಹುದುಗಿನಿಂದ ಹೊರಟ ವಾಯುವು ಗಾಳಿಗಿಂತ ಭಾರವಾಗಿ ನೆಲದಲ್ಲಿ ನಿಂತಿರುತ್ತದೆ, ಬಣ್ಣವಿಲ್ಲ. ಹಿಂದಿನವರು ಉರಿಯುವ ಮೋಂಬತ್ತಿಯನ್ನು ಮುಂದೆ ಹಿಡಿದು ಮೆಟ್ಟಲಿಳಿಯುತ್ತಿದ್ದರು. ದೀಪ ನಂದಿತೆಂದರೆ ಅಲ್ಲಿಂದಲೇ ತಿರುಗಬೇಕು.

ನವೆಂಬರ್ 11, ಸಂತ ಮಾರ್ಟಿನನ ದಿನ, ಹೊಸ ರಸದ ಹುಟ್ಟುಹಬ್ಬ. ಅಂದಿನಿಂದ ಹೊಸದಕ್ಕೆ ಹೊಯ್ರಿಗರ್ ಎಂದು ಹೆಸರು ಬಂದು, ನಿನ್ನೆಯವರೆಗೆ ಆ ಹೆಸರು ಹೊತ್ತುದು ‘ಹಳತು’ ಎನಿಸಿಕೊಳ್ಳುವುದು. ರುಚಿ ನೋಡುವ ಕ್ರಮವೂ ಸರಳವಾದುದು. ಮನೆಯವನು ಉದ್ದವಾದ ಗಾಜಿನ ನಳಿಗೆಯನ್ನು ಪೀಪಾಯಿಯ ಮೇಲಣ ಬಾಯಿಯೊಳಗಿಳಿಸಿ, ರಸವನ್ನು ಹೀರಿ, ತುದಿಯನ್ನು ಬೆರಳಿನಿಂದ ಒತ್ತಿಹಿಡಿದು ಪ್ರತಿಯೊಬ್ಬನ ಲೋಟಕ್ಕೂ ಸ್ವಲ್ಪ ಸ್ವಲ್ಪ ಬಿಡುತ್ತಾನೆ. ಮೊದಲು ಬೆಳಕಿಗೆ ಹಿಡಿದು ಬಣ್ಣವನ್ನು ನೋಡುವುದು, ಬಳಿಕ ಮೂಸುವುದು, ಬಳಿಕ ನಾಲಗೆಯ ಮೇಲೆ ಹೊರಳಿಸುವುದು. ದೊಡ್ಡ ವರ್ತಕರ ಪರೀಕ್ಷಕರು ಇಷ್ಟಾದ ಮೇಲೆ ಉಗುಳಿಬಿಡುತ್ತಾರೆ. ಸ್ನೇಹಿತರಾಗಿ ಬಂದವರು ಹಾಗೆ ಮಾಡಿದರೆ ಮನೆಯವನು ನೊಂದುಕೊಳ್ಳುವನು. ಆ ಹೊತ್ತಿನಲ್ಲಿ ಅವನು ಎದುರಿಗೇ ನಿಂತಿರುತ್ತಾನೆಂಬುದೇ ಮುಖ್ಯ. ಮಳೆ ಹೆಚ್ಚಾದುದನ್ನೂ, ಆಲಿಕಲ್ಲು ಬಿದ್ದುದನ್ನೂ, ಮಗನು ತಡವಾಗಿ ಕೊಯ್ಯೋಣವೆಂದು ಹಟಹಿಡಿದುದನ್ನೂ ಅವನು ಹೇಳುತ್ತಾನೆ. ಕೇಳುವವರ ನಾಲಗೆ ಅದನ್ನು ಹೌದೆನ್ನುತ್ತದೆ ಅಥವಾ ಅಲ್ಲವೆನ್ನುತ್ತದೆ.

ಇಂತಹ ಮನೆಗಳಿಗೆ ಬಂದುಹೋದವರಲ್ಲಿ ಲೋಕಪ್ರಸಿದ್ಧರಿಗೆ ಕೊರತೆಯಿಲ್ಲ. ಬೀಥೋವನನು ತನ್ನ ಕಿವುಡು ವಾಸಿಯಾಗದೆಂದು ಮನಗಂಡು 1802ನೆಯ ಅಕ್ಟೋಬರಿನಲ್ಲಿ ತಮ್ಮಂದಿರಿಗೆ ಬರೆದಿಟ್ಟ ದುಃಖಪತ್ರಕ್ಕೆ ಹೈಲಿಗೆನ್‌ಷ್ಟಾಟ್ ಹಳ್ಳಿಯ ಹೆಸರೇ ನಿಂತಿದೆ; ಅವನಿದ್ದುದಾಗಿ ತೋರಿಸುವ ಮನೆ ಮೇಲೆ ಹೇಳಿದ ಪ್ರೋಬಸ್ ಗಲ್ಲಿಯಲ್ಲಿದೆ. 1817ರಲ್ಲಿ ಅವನು ಅದೇ ಹಳ್ಳಿಯಲ್ಲಿ ವಾಸಿಸಿದ ಮತ್ತೊಂದು ಮನೆ ಈಗ ಹೊಯ್ರಿಗರ್ ಆಗಿದೆ. ಷೂಬರ್ಟನು ಗೆಳೆಯರೊಡನೆ ಗ್ರಿನ್‌ಝಿಂಗಿಗೆ ಹೊಸ ರಸಕ್ಕಾಗಿ ನಡೆದುಹೋಗುತ್ತಿದ್ದುದನ್ನು ಆ ಗೆಳೆಯರೇ ಸ್ಮರಿಸಿದ್ದಾರೆ. ಅವನು 1828ರಲ್ಲಿ ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡನು. ಆ ಶತಮಾನದ ಕೊನೆಯಲ್ಲಿ ಯೋಹಾನ್ ಮತ್ತು ಯೋಸೆಫ್ ಷ್ರಾಮೆಲ್ ಎಂಬ ಅಣ್ಣತಮ್ಮಂದಿರು ಎರಡು ಪಿಟೀಲು, ಒಂದು ಗಿಟಾರು, ಬಳಿಕ ಒಂದು ಸಣ್ಣ ಕ್ಲಾರಿನೆಟ್ಟು ಕೂಡಿಸಿ ಈ ಅಂಗಳಗಳಲ್ಲಿ ನುಡಿಸಿದ ಸಂಗೀತಕ್ಕೆ ಅವರ ಹೆಸರೇ ಬಂದಿದೆ.

1848ರ ಕ್ರಾಂತಿಯ ವರ್ಷ, ಸೆಪ್ಟೆಂಬರ್ 7ರ ಕಾಯಿದೆಯಿಂದ ದಣಿಗಳಿಗೆ ಸಲ್ಲಿಸಬೇಕಾಗಿದ್ದ ಗೇಣಿ ದಶಮಾಂಶಗಳು ತೊಲಗಿ, ತೋಟಿಗನು ತೋಟದ ಒಡೆಯನಾದನು. ಒಡೆತನ ಬಂದ ಕಾಲು ಶತಮಾನದೊಳಗೆ ತೋಟವೇ ಹೋಗುವ ಕಾಲ ಬಂತು. ಅಮೆರಿಕದಿಂದ ತಂದ ಬಳ್ಳಿಗಳ ಬೇರಿನೊಡನೆ ಫಿಲಾಕ್ಸೆರಾ ಎಂಬ, ಹೇನಿಗಿಂತಲೂ ಸಣ್ಣದಾದ ಹಳದಿಯ ಕೀಟವೊಂದು ಯೂರೋಪಿಗೆ ಬಂದು ಫ್ರಾನ್ಸಿನ ತೋಟಗಳನ್ನು ಒಣಗಿಸುತ್ತಿತ್ತು. ಬೇರಿನಲ್ಲಿ ಈ ಕೀಟವಿರುವುದನ್ನು ಪ್ಲಾಂಶೋನ್ ಎಂಬ ಸಸ್ಯಶಾಸ್ತ್ರಜ್ಞನು 1868ರಲ್ಲಿ ಕಂಡುಹಿಡಿದನು. ಆಸ್ಟ್ರಿಯಾದಲ್ಲಿ ಅದು ಮೊದಲು ಕಾಣಿಸಿಕೊಂಡುದು 1872ರಲ್ಲಿ. ಎಲ್ಲಿಯೆಂದರೆ, ದ್ರಾಕ್ಷೀಕೃಷಿಯನ್ನು ಕಲಿಸುವುದಕ್ಕೆಂದೇ 1860ರಲ್ಲಿ ಸ್ಥಾಪಿಸಿದ ಕ್ಲೋಸ್ಟರ್‌ನೊಯ್‌ಬುರ್ಗಿನ ಪಾಠಶಾಲೆಯ ನೆಲದಲ್ಲಿಯೇ! ಆದರೆ ಆ ಪಾಠಶಾಲೆಯು ಮಾಡಿದ ಉಪಕಾರವನ್ನೂ ಮರೆಯಲಾಗದು. ಅದರ ಮುಖ್ಯಸ್ಥನಾಗಿದ್ದ ಬಾಬೋ ಎಂಬಾತನು 1861ರಲ್ಲಿ ರೂಪಿಸಿದ ತೇಲುಮಾಪಕದಿಂದ ರಸದಲ್ಲಿ ನೂರಕ್ಕೆ ಎಷ್ಟು ಸಕ್ಕರೆಯಿದೆ ಎಂದು ತೋಟಿಗನು ಇಂದಿಗೂ ಅಳೆಯುತ್ತಾನೆ. ಕೀಟಕ್ಕೆ ದೊರೆತ ಪರಿಹಾರವೂ ವಿಚಿತ್ರವಾದುದು: ಕೀಟವನ್ನು ತಂದ ಅಮೆರಿಕದ ಬಳ್ಳಿಯ ಬೇರು ಅದನ್ನು ತಾಳಿಕೊಳ್ಳುತ್ತದೆ, ಆದುದರಿಂದ ಆ ಬೇರಿಗೆ ಯೂರೋಪಿನ ಬಳ್ಳಿಯನ್ನು ಕಸಿಕಟ್ಟುವುದು. ಪುರಾತನವೆಂದು ಹೊಗಳಿಸಿಕೊಳ್ಳುವ ಯೂರೋಪಿನ ತೋಟಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಈಗ ಅನ್ಯದೇಶದ ಬೇರಿನ ಮೇಲೆ ನಿಂತಿವೆ.

ಕೀಟಕ್ಕಿಂತ ದೊಡ್ಡ ಆಪತ್ತು ಬಂದುದು 1985ರಲ್ಲಿ, ಮನುಷ್ಯರಿಂದ. ಆ ವೇಳೆಗೆ ಆಸ್ಟ್ರಿಯಾದ ಸಿಹಿಯಾದ ದ್ರಾಕ್ಷಾರಸಕ್ಕೆ ಜರ್ಮನಿಯಲ್ಲಿ ಅಗ್ಗದ ಬೆಲೆಯ ದೊಡ್ಡ ಗಿರಾಕಿಯಿತ್ತು. ನಿಜವಾದ ಸಿಹಿರಸಕ್ಕೆ ಹಣ್ಣು ಬಳ್ಳಿಯ ಮೇಲೆಯೇ ಬಹುಕಾಲ ನಿಲ್ಲಬೇಕು. ಇಳುವರಿ ಕಡಿಮೆ, ಕಷ್ಟ ಹೆಚ್ಚು. ಕೆಲವು ವರ್ತಕರು ತೆಳುವಾದ ರಸಕ್ಕೆ ಡೈಎಥಿಲೀನ್ ಗ್ಲೈಕಾಲ್ ಎಂಬ, ಕಾರ್ಖಾನೆಗಳಲ್ಲಿ ಉಪಯೋಗಿಸುವ ಸಿಹಿಯಾದ ವಿಷದ್ರವವನ್ನು ಬೆರೆಸಿ ಅದನ್ನೇ ಗಟ್ಟಿಯಾದ ಉತ್ತಮರಸವೆಂದು ಮಾರಿದರು. ಆ ವರ್ಷದ ಜುಲೈ ತಿಂಗಳಿನಲ್ಲಿ ಪಶ್ಚಿಮ ಜರ್ಮನಿಯ ಸರಕಾರ ಜನರಿಗೆ ಎಚ್ಚರಿಕೆಯನ್ನಿತ್ತಿತು. ಇದರಿಂದ ಸತ್ತವರೆಂದು ಯಾರೂ ಗೊತ್ತಾಗಲಿಲ್ಲವಾದರೂ ಒಂದು ದೇಶದ ಹೆಸರೇ ಸತ್ತಂತಾಯಿತು. ಹೊರದೇಶಗಳಿಗೆ ಹೋಗುತ್ತಿದ್ದ ರಸವು ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲಿಗೆ ಇಳಿಯಿತು. ತಪ್ಪುಮಾಡಿದವರು ಕೆಲವರು, ದಂಡ ತೆತ್ತವರು ಎಲ್ಲರೂ. ತಮ್ಮ ಅಂಗಳದಲ್ಲಿಯೇ ಬಡಿಸಿ ಬದುಕುತ್ತಿದ್ದ ಸಣ್ಣ ತೋಟಿಗರ ಮೇಲೂ ಸಂದೇಹದ ನೆರಳು ಬಿತ್ತು.

ಜಪ್ತಿಯಾದ ಕೋಟಿಗಟ್ಟಲೆ ಲೀಟರು ರಸವನ್ನು ಏನು ಮಾಡುವುದೆಂಬುದೇ ಒಂದು ಸಮಸ್ಯೆಯಾಯಿತು. ಹೊಳೆಗೆ ಬಿಡುವಂತಿಲ್ಲ. ಅದರಲ್ಲಿ ಬಹಳಷ್ಟನ್ನು ಕೊನೆಗೆ ಸಿಮೆಂಟಿನ ಕಾರ್ಖಾನೆಯ ಕುಲುಮೆಗಳಲ್ಲಿ ನೀರಿಗೆ ಬದಲಾಗಿ, ಶಾಖವಿಳಿಸಲು ಸುರಿದರಂತೆ. ಫ್ರೆಡರಿಕ್ ದೊರೆಯ ಗಾರೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಅಂದು ಹುಳಿಯೆಂದು ಎಸೆದ ರಸ ದೇವಾಲಯದ ಗೋಪುರದೊಳಗೆ ಸೇರಿತು. ಇಂದು ಸಿಹಿಯೆಂದು ಮಾರಿದುದು ಸಿಮೆಂಟಿನ ಕುಲುಮೆಯಲ್ಲಿ ಆವಿಯಾಯಿತು. ಹುಳಿಯಾದ ರಸದಲ್ಲಿ ಮೋಸವಿರಲಿಲ್ಲ.

ಅದೇ ವರ್ಷವೇ ಆಸ್ಟ್ರಿಯಾದ ಪಾರ್ಲಿಮೆಂಟು ಬಹು ಕಠಿಣವಾದ ಹೊಸ ಕಾಯಿದೆಯನ್ನು ಮಾಡಿತು. ಕೊಯ್ಲಿನ ಲೆಕ್ಕ, ರಸದ ಪರೀಕ್ಷೆ, ಸೀಸೆಯ ಬಾಯಿಗೆ ಕೆಂಪು ಬಿಳಿ ಕೆಂಪು ಪಟ್ಟಿಯ ಮುದ್ರೆ, ಎಲ್ಲವೂ ಕ್ರಮವಾಗಿ ಬಂದುವು. ಮಾನವು ಮರಳಲು ಹತ್ತು ಹದಿನೈದು ವರ್ಷಗಳೇ ಹಿಡಿದುವು. ವಿಚಾರಮಾಡಿ ನೋಡಿದರೆ, ಯಾವ ಮುದ್ರೆಯೂ ಇಲ್ಲದ ಕಾಲದಲ್ಲಿ ಆ ಸೊಪ್ಪಿನ ಕಟ್ಟೇ ಮುದ್ರೆಯಾಗಿತ್ತೆಂದು ಹೇಳಬೇಕು. ವಿಷ ಬೆರೆತುದು, ಬೆಳೆದವನ ಹೆಸರು ಕುಡಿಯುವವನಿಗೆ ತಿಳಿಯದಂತೆ, ನೂರು ತೋಟಗಳದು ಒಂದೇ ತೊಟ್ಟಿಯಲ್ಲಿ ಸೇರಿ, ಗಡಿ ದಾಟಿ ಹೋದ ರಸದಲ್ಲಿ. ನೆರೆಯವರ ಮುಂದೆ, ಪ್ರತಿವರ್ಷವೂ ಅದೇ ಬೆಂಚಿಗೆ ಬರುವ ಸ್ನೇಹಿತರ ಮುಂದೆ ಸುರಿಯಬೇಕಾದವನಿಗೆ ಅಂತಹ ಧೈರ್ಯ ಸುಲಭವಾಗಿ ಬಾರದು.

ವಿಯೆನ್ನಾದ ತೋಟಗಳಲ್ಲಿ ಮತ್ತೊಂದು ಹಳೆಯ ಪದ್ಧತಿಯುಂಟು. ಒಂದೇ ತೋಟದಲ್ಲಿ ಹಲವು ಜಾತಿಯ ಬಳ್ಳಿಗಳನ್ನು ಬೆರೆಸಿ ನೆಟ್ಟು, ಒಟ್ಟಿಗೆ ಕೊಯ್ದು, ಒಟ್ಟಿಗೆ ಹಿಂಡುವುದು. ಅದರ ಹೆಸರು ‘ಗೆಮಿಷ್ಟರ್ ಜಾಟ್ಸ್’. ಒಂದು ಜಾತಿಗೆ ಹಿಮ ಬಡಿದರೆ ಇನ್ನೊಂದು ಉಳಿಯಲಿ ಎಂಬುದು ಅದರ ಮೂಲದ ಯುಕ್ತಿ. ಬಡವನ ಬೆಳೆಯೆಂದು ಬಹುಕಾಲ ಹೀಗಳೆದ ಈ ರಸಕ್ಕೆ 2013ರಲ್ಲಿ ಸಂರಕ್ಷಿತನಾಮದ ಗೌರವ ದೊರೆಯಿತು. ಮೂರಕ್ಕೆ ಕಡಿಮೆಯಿಲ್ಲದ ಜಾತಿಗಳಿರಬೇಕು, ಯಾವುದೂ ಅರ್ಧಕ್ಕಿಂತ ಹೆಚ್ಚಿರಕೂಡದು ಎಂಬುದು ನಿಯಮ. 2019ರಲ್ಲಿ ಹೊಯ್ರಿಗರ್ ಪದ್ಧತಿಯನ್ನೇ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದರು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಕ್ಷೇಮವೆಂದು ಹೇಳಲಾಗದು. ಹೊಯ್ರಿಗರ್ ಎಂಬ ಹೆಸರನ್ನು ಹೊತ್ತ ಮನೆಗಳಲ್ಲಿ ಅನೇಕವು ಈಗ ಲೈಸೆನ್ಸು ಪಡೆದ ದೊಡ್ಡ ಭೋಜನಗೃಹಗಳು. ಪ್ರವಾಸಿಗಳ ಮೋಟಾರುಗಳು ಸಾಲಾಗಿ ಅಲ್ಲಿಗೇ ಬರುತ್ತವೆ. ತಾನು ಬೆಳೆದುದನ್ನಷ್ಟೇ ಬಡಿಸುವ ಮನೆಗೆ ‘ಬುಷೆನ್‌ಷಾಂಕ್’, ಎಂದರೆ ಸೊಪ್ಪಿನ ಪಾನಗೃಹ, ಎಂದು ಬೇರೆಯೇ ಹೆಸರು. ಅಂತಹವು ಬೀದಿಯ ಒಳಭಾಗಗಳಲ್ಲಿ ಹುಡುಕಿದರೆ ಸಿಕ್ಕುವುವು. ಗ್ರಿನ್‌ಝಿಂಗಿನ ಗುಡ್ಡದಲ್ಲಿ ಒಂದು ಮನೆಯ ನಿವೇಶನಕ್ಕೆ ಬರುವ ಬೆಲೆಯು ಆ ನೆಲದ ಬಳ್ಳಿಗಳು ಒಂದು ತಲೆಮಾರಿನಲ್ಲಿಯೂ ಕೊಡಲಾರದಷ್ಟು. ತಂದೆಯ ಗಾಣವನ್ನು ಮುಂದುವರಿಸಲು ಮಗನೋ ಮಗಳೋ ಒಪ್ಪದಿದ್ದರೆ ಅಂಗಳದ ಬಾಗಿಲು ಮುಚ್ಚುವುದು.

ಒಪ್ಪಿದ ಮನೆಗಳಲ್ಲಿ ಹಳೆಯ ಒಡಂಬಡಿಕೆಯೊಂದು ಇನ್ನೂ ನಡೆಯುತ್ತಿದೆ. ಬೀದಿಯವರೆಲ್ಲ ಒಂದೇ ಕಾಲಕ್ಕೆ ತೆರೆಯುವುದಿಲ್ಲ. ಎರಡು ಮೂರು ವಾರ ಒಬ್ಬನ ಸರದಿ. ಅವನ ವಾರಗಳು ಮುಗಿದೊಡನೆ ಗಳುವನ್ನು ಕೆಳಗಿಳಿಸಿ ಒಣಗಿದ ಸೊಪ್ಪನ್ನು ಬಿಚ್ಚುತ್ತಾನೆ. ಮರುದಿನ ಬೆಳಗ್ಗೆ ನಾಲ್ಕು ಮನೆ ಆಚೆಯವನು ಏಣಿ ಹಾಕಿ ತನ್ನ ಬಾಗಿಲಿಗೆ ಹಸುರು ಸೊಪ್ಪನ್ನು ಕಟ್ಟುತ್ತಿರುತ್ತಾನೆ.